ಕಿಬಿ ಬರೀ ಬೈಟಿನ ಸ್ವತ್ತಲ್ಲ: ಭಾರತೀಯ ಮಾನಕ ಬ್ಯೂರೋಗೆ ಒಂದು ಬಹಿರಂಗ ಪತ್ರ

ಭಾರತೀಯ ಮಾನಕ ಬ್ಯೂರೋದ ಮಾನ್ಯ ಮಹಾನಿರ್ದೇಶಕರಿಗೆ, ಹಾಗೂ ವಿಜ್ಞಾನದ ಪಠ್ಯಪುಸ್ತಕ ಬರೆಯುವ, ಪಾಠ ಹೇಳುವ ಎಲ್ಲರಿಗೆ,

ನಮಸ್ಕಾರ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಮೇಷ್ಟ್ರು. ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿರದ ಬದಲು 1024ರ ಲೆಕ್ಕ ಹೇಳುವ ಕಿಬಿ, ಮೆಬಿ, ಗಿಬಿ ಎಂಬ ಪೂರ್ವಪ್ರತ್ಯಯಗಳನ್ನು, ಅಂದರೆ ಪ್ರಿಫಿಕ್ಸ್‌ಗಳನ್ನು, ಕಂಪ್ಯೂಟರಿನ ಮಾಹಿತಿ ಅಳೆಯುವ ಬಿಟ್ ಮತ್ತು ಬೈಟಿಗೆ ಮಾತ್ರ ಕಟ್ಟಿಹಾಕಬೇಡಿ. ಯಾವ ಅಳತೆ ನಿಜವಾಗಿಯೂ ಎರಡೆರಡಾಗಿ ಬೆಳೆಯುತ್ತದೋ ಅಲ್ಲೆಲ್ಲ ಅವನ್ನು ಬಳಸಬಹುದು ಎಂದು ಸ್ಪಷ್ಟವಾಗಿ ಬರೆದುಕೊಡಿ. ಅದು ಸೆಕೆಂಡಿಗೆ ಎಷ್ಟು ಕಂಪನ ಎಂದು ಹೇಳುವ ಹರ್ಟ್ಸ್ ಆಗಿರಲಿ, ವಾರ ಆಗಿರಲಿ, ಡಿಎನ್‌ಎ ಪ್ರತಿಗಳ ಲೆಕ್ಕ ಆಗಿರಲಿ. ಹಾಗೆಯೇ ತಕ್ಕಡಿ, ಲೀಟರು, ಮೀಟರು ಇರುವ ವ್ಯಾಪಾರದ ಕಡೆ ಅವು ಕಾಲಿಡದ ಹಾಗೆಯೂ ಬರೆದುಕೊಡಿ. ಎರಡೂ ಒಟ್ಟಿಗೇ ಬೇಕು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. ಓದುಗರಿಗಾಗಿ ನಾಲ್ಕು ಮಾತು. ಕಿಲೋ ಅಂದರೆ ಸಾವಿರ. 1795ರಲ್ಲಿ ಫ್ರಾನ್ಸಿನವರು ಮೆಟ್ರಿಕ್ ಪದ್ಧತಿ ತಂದಾಗಿನಿಂದಲೂ ಅದು ಸಾವಿರವೇ. ಕಂಪ್ಯೂಟರ್ ಬಂದ ಮೇಲೆ ಮೆಮೊರಿಯ ಲೆಕ್ಕ ಎರಡರ ಘಾತಗಳಲ್ಲಿ ಬರತೊಡಗಿತು. ಎರಡನ್ನು ಹತ್ತು ಸಲ ಗುಣಿಸಿದರೆ 1024. ಸಾವಿರಕ್ಕೆ ಹತ್ತಿರ ಇದೆಯಲ್ಲ ಎಂದು ಅದನ್ನೂ ಕಿಲೋ ಎಂದೇ ಕರೆದರು. ಆಗ ಹೆಚ್ಚು ಇದ್ದದ್ದು ಶೇಕಡಾ 2.4 ಮಾತ್ರ. ಮೆಗಾಕ್ಕೆ ಬಂದಾಗ ಅದು ಸುಮಾರು 4.9 ಆಯಿತು, ಗಿಗಾಕ್ಕೆ 7.4, ಟೆರಾಕ್ಕೆ ಸುಮಾರು 10. ಒಂದು ಟೆರಾಬೈಟ್ ಎಂದು ಬರೆದ ಡಿಸ್ಕ್ ತಂದು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 931 ಗಿಗಾಬೈಟ್ ಎಂದು ತೋರಿಸುವುದು ಇದೇ ಕಾರಣಕ್ಕೆ. ಹಳೇ ಫ್ಲಾಪಿಯ ಮೇಲಿನ 1.44 ಮೆಗಾಬೈಟ್ ಇನ್ನೂ ವಿಚಿತ್ರ. ಅದರಲ್ಲಿ ಹಿಡಿಯುತ್ತಿದ್ದದ್ದು 14,74,560 ಬೈಟು, ಅಂದರೆ 1440 ಸಲ 1024. ಅಲ್ಲಿನ ಮೆಗಾ 1000ವನ್ನು 1024ರಿಂದ ಗುಣಿಸಿದ್ದು. ಒಂದೇ ಪದದೊಳಗೆ ಎರಡು ಪದ್ಧತಿ!

ಈ ಗೋಜಲು ಬಿಡಿಸಲೆಂದೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ, ಅಂದರೆ ಐಇಸಿ, 1998ರಲ್ಲಿ ಹೊಸ ಹೆಸರುಗಳನ್ನು ಒಪ್ಪಿತು. ಕಿಬಿ ಎಂದರೆ 1024. ಮೆಬಿ ಎಂದರೆ 10,48,576. ಗಿಬಿ ಎಂದರೆ 1,07,37,41,824. ಆಮೇಲೆ ಟೆಬಿ, ಪೆಬಿ ಹೀಗೆ ಮುಂದಕ್ಕೆ. ಏಕಮಾನಗಳ ಅಂತರರಾಷ್ಟ್ರೀಯ ಪದ್ಧತಿಯ ಕೈಪಿಡಿಯೂ ಇದನ್ನು ಎತ್ತಿ ಹೇಳಿತು: ಕಿಲೋ ಎಂದರೆ ಸಾವಿರ ಮಾತ್ರ, ಮಾಹಿತಿ ತಂತ್ರಜ್ಞಾನದಲ್ಲಿ 1024 ಬೇಕಾದಾಗ ಐಇಸಿ ಹೆಸರು ಬಳಸಿ ಎಂದು. ಒಳ್ಳೆಯ ಕೆಲಸ. ನನಗೆ ಇದರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಆಮೇಲೆ ಬೆಳೆದ ರೂಢಿಯ ಬಗ್ಗೆ. ಕಂಪ್ಯೂಟರಿನ ಒಳಗೆ 1024, ಹೊರಗೆ 1000 ಎಂದು ಬೇಲಿ ಹಾಕಿಕೊಂಡು ಕೂತಿದ್ದೇವೆ. ಮಕ್ಕಳಿಗೂ ಹಾಗೇ ಹೇಳಿಕೊಡುತ್ತೇವೆ. ಈ ಬೇಲಿ ತಪ್ಪು ಜಾಗದಲ್ಲಿದೆ. ಕಂಪ್ಯೂಟರಿನ ಒಳಗೇ ನೋಡಿ. ಪ್ರೊಸೆಸರ್ 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಸರಿಯಾಗಿ 300 ಕೋಟಿ ಬಡಿತ, ಅಲ್ಲಿ 1024ರ ಸುಳಿವೇ ಇಲ್ಲ. ಇಂಟರ್ನೆಟ್ ವೇಗ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 10 ಕೋಟಿ ಬಿಟ್, ಅಲ್ಲೂ ಹತ್ತರ ಲೆಕ್ಕವೇ. ಇನ್ನು ಕಂಪ್ಯೂಟರಿನ ಹೊರಗೆ ಎರಡರ ಘಾತ ಎಷ್ಟು ಕಡೆ ಕೂತಿದೆ ಎಂದು ಹುಡುಕಿದರೆ, ಮೊದಲು ಸಿಗುವುದು ನಿಮ್ಮ ಕೈಗಡಿಯಾರದಲ್ಲೇ.

ಕ್ವಾರ್ಟ್ಜ್ ವಾಚಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸೂರಿನಲ್ಲಿ 1980ರ ದಶಕದಲ್ಲಿ ಟೈಟನ್ ಕಾರ್ಖಾನೆ ಶುರುವಾದ ಮೇಲೆ ನಮ್ಮ ಕಡೆ ಕೀ ಕೊಡುವ ವಾಚುಗಳ ಜಾಗಕ್ಕೆ ಸೆಲ್ ಹಾಕುವ ವಾಚು ಮನೆಮನೆಗೆ ಬಂತು. ಅದರ ಒಳಗೆ ಅಕ್ಕಿಕಾಳಿಗಿಂತ ಒಂಚೂರು ದೊಡ್ಡದಾದ ಲೋಹದ ಕೊಳವೆ ಇರುತ್ತದೆ. ಅದರಲ್ಲಿ ಕ್ವಾರ್ಟ್ಜ್ ಹರಳಿನ ಚೂರು. ಸೆಲ್ಲಿನ ವಿದ್ಯುತ್ ತಾಗಿದರೆ ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ. ಯಾಕೆ ಅಷ್ಟೇ? ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಚಿಪ್ಪಿನೊಳಗೆ ಹದಿನೈದು ಪುಟ್ಟ ಸರ್ಕ್ಯೂಟುಗಳ, ಅಂದರೆ ಫ್ಲಿಪ್‌ಫ್ಲಾಪ್‌ಗಳ ಸಾಲು ಇರುತ್ತದೆ. ಒಂದೊಂದೂ ಬಡಿತದ ಲೆಕ್ಕವನ್ನು ಅರ್ಧ ಮಾಡುತ್ತದೆ. ಹದಿನೈದು ಸಲ ಅರ್ಧವಾದ ಮೇಲೆ ಉಳಿಯುವುದು ಸೆಕೆಂಡಿಗೆ ಒಂದು ಬಡಿತ. ಮುಳ್ಳು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈ ಸಂಖ್ಯೆ ಮನುಷ್ಯನ ಕಿವಿಗೆ ಕೇಳುವ ಮಿತಿಗಿಂತ ಮೇಲಿದೆ, ಹಾಗಾಗಿ ವಾಚು ಕೊಂಯ್ ಎನ್ನುವುದಿಲ್ಲ. ತೀರಾ ಜಾಸ್ತಿಯೂ ಅಲ್ಲ, ಹಾಗಾಗಿ ಸೆಲ್ಲು ಬೇಗ ಖಾಲಿಯಾಗುವುದಿಲ್ಲ.

ಈ ಸಂಖ್ಯೆಯನ್ನು ಕಿಬಿಯಲ್ಲಿ ಬರೆದರೆ ಸರಿಯಾಗಿ 32 ಕಿಬಿಹರ್ಟ್ಸ್. ಬಿಂದುವೂ ಇಲ್ಲ, ಉಳಿಕೆಯೂ ಇಲ್ಲ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಮಾರಾಟಕ್ಕಿಟ್ಟ ಮೊದಲ ಕ್ವಾರ್ಟ್ಜ್ ಕೈಗಡಿಯಾರದ ಹರಳು 8192 ಹರ್ಟ್ಸಿನದು, ಅಂದರೆ 8 ಕಿಬಿಹರ್ಟ್ಸ್. ಅಂಗಡಿಯಲ್ಲಿ ಸಿಗುವ ಇನ್ನೊಂದು ಹರಳಿನ ಮೇಲೆ 4.194304 ಮೆಗಾಹರ್ಟ್ಸ್ ಎಂದು ಇರುತ್ತದೆ. ಅಷ್ಟುದ್ದದ ಬಾಲ ಯಾಕೆ ಎಂದು ಹುಡುಗರು ಕೇಳುತ್ತಾರೆ. ಅದು 4 ಮೆಬಿಹರ್ಟ್ಸ್, ಅಷ್ಟೇ. ಸಂಖ್ಯೆ ಆರಿಸಿದವರ ಮನಸ್ಸಿನಲ್ಲಿ ಇದ್ದದ್ದೇ ಆ ನಾಲ್ಕು.

'ಹಾಗಾದರೆ 32.768 ಕಿಲೋಹರ್ಟ್ಸ್ ಎಂದು ಬರೆದರಾಯಿತು, ಅದೂ ಸರಿಯೇ ಅಲ್ವಾ?' ಎಂದು ನೀವು ಕೇಳಬಹುದು. ಸರಿಯೇ. ಆದರೆ ಜನ ಹಾಗೆ ಹೇಳುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ನಿಂತು ಕೇಳಿ. 'ತರ್ಟಿಟೂ ಕಿಲೋಹರ್ಟ್ಸ್ ಕ್ರಿಸ್ಟಲ್ ಕೊಡಿ' ಎನ್ನುತ್ತಾರೆ, ಅಂಗಡಿಯವರೂ ಕೊಡುತ್ತಾರೆ. ಸರ್ಕ್ಯೂಟ್ ನಕ್ಷೆಗಳಲ್ಲೂ 32ಕೆ ಎಂದೇ ಬರೆದಿರುತ್ತಾರೆ. ಅವರು ಹೇಳಿದ್ದನ್ನು ಅಕ್ಷರಶಃ ನಂಬಿ 32,000 ಹರ್ಟ್ಸಿನ ಹರಳು ಹಾಕಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. 32,768ರಲ್ಲಿ 768 ಕಡಿಮೆ. ದಿನದ 86,400 ಸೆಕೆಂಡಿನಲ್ಲಿ 2025 ಸೆಕೆಂಡ್ ಹಿಂದೆ ಬೀಳುತ್ತದೆ. ಅಂದರೆ ದಿನಕ್ಕೆ 33 ನಿಮಿಷ 45 ಸೆಕೆಂಡ್. ಇಂಥ ಹರಳುಗಳಲ್ಲಿ ಸಾಮಾನ್ಯವಾಗಿ ಒಪ್ಪುವ ತಪ್ಪು ಹತ್ತು ಲಕ್ಷಕ್ಕೆ 20, ಅಂದರೆ ದಿನಕ್ಕೆ ಎರಡು ಸೆಕೆಂಡಿಗೂ ಕಡಿಮೆ. ವಸ್ತು ಅಷ್ಟು ಕರಾರುವಾಕ್ಕು, ಅದನ್ನು ಕರೆಯುವ ಮಾತು ಇಷ್ಟು ಸಡಿಲ. ಬಾಯಿಗೆ ಸುಲಭವಾಗಿ ಬರುವ 32ನ್ನೇ ಉಳಿಸಿಕೊಂಡು ನಿಜವನ್ನೂ ಹೇಳಬೇಕೆಂದರೆ ಇರುವ ದಾರಿ ಕಿಬಿಹರ್ಟ್ಸ್ ಒಂದೇ.

ಅಂದಹಾಗೆ ಆ ಕೊಳವೆಯೊಳಗಿನ ಹರಳನ್ನು ಕತ್ತರಿಸಿರುವುದು ಶ್ರುತಿ ಕವೆಯ ಆಕಾರದಲ್ಲಿ. ನಮ್ಮ ಲ್ಯಾಬಿನ ಟ್ಯೂನಿಂಗ್ ಫೋರ್ಕಿನ ಪುಟಾಣಿ ರೂಪ ಅದು. ಲ್ಯಾಬಿನ ಪೆಟ್ಟಿಗೆ ತೆರೆದರೆ ಅಲ್ಲೂ ಅದೇ ಲೆಕ್ಕ. ಮೊದಲನೆಯ ಫೋರ್ಕಿನ ಮೇಲೆ 256, ಕೊನೆಯದರ ಮೇಲೆ 512 ಎಂದು ಕೊರೆದಿರುತ್ತದೆ. ಇಂದಿನ ಪಾಶ್ಚಾತ್ಯ ಸಂಗೀತ ಕಛೇರಿಯ ಶ್ರುತಿಯಲ್ಲಿ 256ರ ಜಾಗದ ಸ್ವರ ಸುಮಾರು 261.6 ಹರ್ಟ್ಸ್. ಆದರೂ ಭೌತಶಾಸ್ತ್ರದವರು 256ನ್ನು ಹಿಡಿದುಕೊಂಡಿದ್ದಾರೆ. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜೋಸೆಫ್ ಸೋವರ್ ಈ ಶ್ರುತಿಯನ್ನು ಮುಂದಿಟ್ಟ. ಕಾರಣ ಸರಳ. ಒಂದು ಸ್ಥಾಯಿ ಮೇಲೆ ಹೋದರೆ ಕಂಪನ ದುಪ್ಪಟ್ಟಾಗುತ್ತದೆ. ಮಧ್ಯ ಷಡ್ಜದ ಎರಡರಷ್ಟು ತಾರ ಷಡ್ಜ, ಅರ್ಧದಷ್ಟು ಮಂದ್ರ ಷಡ್ಜ. ಒಂದರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋದರೆ 256, 512, 1024. ಸಂಗೀತ ಕಂಪ್ಯೂಟರಿಗಿಂತ ಎಷ್ಟೋ ಹಿಂದಿನದು. ಬೈನರಿ ಲೆಕ್ಕ ಅದರೊಳಗೆ ಆಗಲೇ ಇತ್ತು.

ಇಎನ್‌ಟಿ ಡಾಕ್ಟರ ಕೊಠಡಿಗೆ ಬನ್ನಿ. ಕಿವಿ ಪರೀಕ್ಷೆಗೆ ಅವರು ಇಟ್ಟುಕೊಳ್ಳುವ ಫೋರ್ಕುಗಳು 256, 512, 1024 ಹರ್ಟ್ಸಿನವು. ಹೆಚ್ಚು ಬಳಕೆ 512ರದ್ದು. ಪಕ್ಕದ ಮೇಜಿನ ಮೇಲೆ ಆಡಿಯೋಮೀಟರ್ ಇರುತ್ತದೆ. ಅದರ ಸ್ವರಗಳು 250, 500, 1000, 2000. ಒಂದೇ ಕೊಠಡಿ, ಒಂದೇ ಕಿವಿ, ಒಂದು ಉಪಕರಣದಲ್ಲಿ 1024, ಇನ್ನೊಂದರಲ್ಲಿ 1000. ಬಾಯಿಮಾತಿನಲ್ಲಿ ಎರಡನ್ನೂ ಒಂದು ಕಿಲೋಹರ್ಟ್ಸ್ ಎಂದುಬಿಡುವುದು ಸುಲಭ. ಇದರಿಂದ ರೋಗಿಗೆ ಅಪಾಯವೇನೂ ಇಲ್ಲ, ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಆದರೆ ಕಲಿಯಲು ಬಂದ ವಿದ್ಯಾರ್ಥಿಗೆ ಎರಡು ಸಂಖ್ಯೆ ಎರಡು ಬೇರೆ ಬೇರೆ ಏಣಿಗಳಿಂದ ಬಂದಿವೆ ಎಂದು ಗೊತ್ತಾಗಬೇಕು. ಒಂದರ ಮೆಟ್ಟಿಲು ಹತ್ತರದ್ದು, ಇನ್ನೊಂದರದ್ದು ಎರಡರದ್ದು. ಫೋರ್ಕಿನ ಮೇಲೆ 1 ಕಿಬಿಹರ್ಟ್ಸ್, ಆಡಿಯೋಮೀಟರಿನ ಮೇಲೆ 1 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಇಡೀ ಪಾಠ ಅಲ್ಲೇ ಮುಗಿಯುತ್ತಿತ್ತು.

ಹರ್ಟ್ಸ್ ಬಿಟ್ಟು ವಾರಕ್ಕೆ ಬರೋಣ. ಜಿಪಿಎಸ್ ಉಪಗ್ರಹಗಳು ದಿನಾಂಕ ಕಳಿಸುವುದಿಲ್ಲ, ವಾರದ ಸಂಖ್ಯೆ ಕಳಿಸುತ್ತವೆ. ಆ ಸಂಖ್ಯೆಗೆ ಮೊದಲಿನಿಂದ ಇದ್ದ ಜಾಗ ಹತ್ತು ಬಿಟ್. ಹಾಗಾಗಿ 1024 ವಾರ ಆದ ಕೂಡಲೇ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. 1980ರ ಜನವರಿ 6ರಂದು ಶುರುವಾದ ಲೆಕ್ಕ 1999ರ ಆಗಸ್ಟ್ 22ಕ್ಕೆ ಸೊನ್ನೆಯಾಯಿತು, 2019ರ ಏಪ್ರಿಲ್ 7ಕ್ಕೆ ಇನ್ನೊಮ್ಮೆ. ಮುಂದಿನದು 2038ರ ನವೆಂಬರ್ 21. ಜಿಪಿಎಸ್‌ನಂತೆಯೇ ದಾರಿ ತೋರಿಸುವ ನಮ್ಮ ಇಸ್ರೋದ ನಾವಿಕ್ ತನ್ನ ಕಾಲಗಣನೆಯನ್ನು ಶುರು ಮಾಡಿರುವುದೂ ಅದೇ 1999ರ ಆಗಸ್ಟ್ 22ರಿಂದ. ಈ ಅವಧಿಗೆ ಹೆಸರೇ ಇಲ್ಲ. 'ಸುಮಾರು 19.6 ವರ್ಷ' ಎಂದು ಬರೆಯುತ್ತೇವೆ. ಅದು ಸರಿಯಾಗಿ ಒಂದು ಕಿಬಿವಾರ. ಕಂಪ್ಯೂಟರಿನ ಸಂಬಂಧ ಇದೆ ಎನ್ನುವಿರಾದರೆ, ಇದೆ. ಆದರೆ ಇಲ್ಲಿ ಎಣಿಸುತ್ತಿರುವುದು ಬೈಟನ್ನಲ್ಲ, ವಾರವನ್ನು. ರೂಢಿಯ ಬೇಲಿಯ ಪ್ರಕಾರ ಕಿಬಿಗೆ ಇಲ್ಲಿ ಪ್ರವೇಶ ಇಲ್ಲ.

ಕೋವಿಡ್ ಕಾಲದಲ್ಲಿ ಆರ್‌ಟಿಪಿಸಿಆರ್ ಎಂಬ ಪದ ಹಳ್ಳಿಯ ಕಟ್ಟೆಯ ಮೇಲೂ ಕೇಳಿಬಂತು. ಆ ಯಂತ್ರದಲ್ಲಿ ಒಂದೊಂದು ಸೈಕಲ್ ಮುಗಿದಾಗಲೂ ಡಿಎನ್‌ಎ ಪ್ರತಿಗಳು ದುಪ್ಪಟ್ಟಾಗುತ್ತವೆ. ಎಲ್ಲ ಅಂದುಕೊಂಡ ಹಾಗೆ ನಡೆದರೆ ಒಂದು ಎಳೆಯಿಂದ ಹತ್ತು ಸೈಕಲ್‌ಗೆ ಒಂದು ಕಿಬಿ ಪ್ರತಿ, ಇಪ್ಪತ್ತಕ್ಕೆ ಒಂದು ಮೆಬಿ, ಮೂವತ್ತಕ್ಕೆ ಒಂದು ಗಿಬಿ. ವೈರಸ್ ಕಾಣಿಸಿಕೊಳ್ಳಲು ಎಷ್ಟು ಸೈಕಲ್ ಬೇಕಾಯಿತು ಎಂಬ ಲೆಕ್ಕವೇ ಸಿಟಿ ವ್ಯಾಲ್ಯೂ. ಇಬ್ಬರ ಸಿಟಿ ವ್ಯಾಲ್ಯೂ ನಡುವೆ ಹತ್ತರ ವ್ಯತ್ಯಾಸ ಇದ್ದರೆ ಒಬ್ಬರ ಮಾದರಿಯಲ್ಲಿ ವೈರಸ್ಸಿನ ಅಂಶ ಇನ್ನೊಬ್ಬರದ್ದಕ್ಕಿಂತ ಸುಮಾರು ಒಂದು ಕಿಬಿ ಪಟ್ಟು ಜಾಸ್ತಿ. ಆ ದಿನಗಳಲ್ಲಿ ರಿಪೋರ್ಟ್ ಹಿಡಿದು, 20ಕ್ಕೂ 30ಕ್ಕೂ ಏನು ಮಹಾ ವ್ಯತ್ಯಾಸ ಎಂದುಕೊಂಡವರು ಎಷ್ಟೋ ಜನ. ದುಪ್ಪಟ್ಟಿನ ಏಣಿಗೆ ಹೆಸರಿಟ್ಟು ಕಲಿಸಿದ್ದರೆ ಒಂದಿಷ್ಟು ಜನಕ್ಕಾದರೂ ಅದು ಹೊಳೆಯುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಫೋಟೋ ತೆಗೆಯುವವರ ಲೆಕ್ಕವೂ ಇದೇ. ಶಟರ್ ವೇಗವನ್ನು ಒಂದು ಸ್ಟಾಪ್ ಬದಲಿಸಿದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು. ಹತ್ತು ಸ್ಟಾಪ್ ಬೆಳಕು ತಡೆಯುವ ಫಿಲ್ಟರನ್ನು ಅಂಗಡಿಯಲ್ಲಿ ಎನ್‌ಡಿ1000 ಎಂದು ಮಾರುತ್ತಾರೆ. ಹತ್ತು ಸಲ ಅರ್ಧ ಮಾಡಿದರೆ 1024ರಲ್ಲಿ ಒಂದು ಭಾಗ ಉಳಿಯಬೇಕು, ಸಾವಿರದಲ್ಲಿ ಅಲ್ಲ.

ಈಗ ಇನ್ನೊಂದು ಮಗ್ಗುಲು. ಇದು ನನಗೆ ಅಷ್ಟೇ ಮುಖ್ಯ.

ಕಿಬಿಗೆ ಬಾಗಿಲು ತೆರೆಯಿರಿ ಎಂದ ಕೂಡಲೇ ಕಿಬಿಗ್ರಾಂ, ಕಿಬಿಮೀಟರ್, ಕಿಬಿಲೀಟರ್ ಎಲ್ಲ ಬರಲಿ ಎಂದು ನಾನು ಹೇಳುತ್ತಿಲ್ಲ. ಬರಬಾರದು ಎಂದೇ ಹೇಳುತ್ತಿದ್ದೇನೆ. ಕೆಲವು ಲೆಕ್ಕದ ತಂತ್ರಾಂಶಗಳು ಕಿಬಿಮೀಟರನ್ನೂ ಮರುಮಾತಿಲ್ಲದೆ ಲೆಕ್ಕ ಹಾಕಿಕೊಡುತ್ತವೆ. ಗಣಿತವಾಗಿ ಅದು ತಪ್ಪಲ್ಲ, 1024 ಮೀಟರ್ ಎಂದಷ್ಟೇ ಅರ್ಥ. ಆದರೆ ರಸ್ತೆಯಾಗಲಿ ಅಕ್ಕಿಯಾಗಲಿ ಹಾಲಾಗಲಿ ಎರಡೆರಡಾಗಿ ಬೆಳೆಯುವ ವಸ್ತುವಲ್ಲ. ಅಲ್ಲಿ 1024 ಸುಮ್ನೆ ಹೊರಗಿನಿಂದ ತಂದು ಹೇರಿದ ಸಂಖ್ಯೆ. ಜೊತೆಗೆ, ಕಿಲೋ ಮತ್ತು ಕಿಬಿ ಕಿವಿಗೆ ಬಹಳ ಹತ್ತಿರ. ಸಂತೆಯ ಗದ್ದಲದಲ್ಲಿ 24 ಗ್ರಾಂ ಆ ಕಡೆ ಈ ಕಡೆ ಆಗಲು ಅಷ್ಟು ಸಾಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇರುವುದೇ ಇಂಥ ಸಂದು ಮುಚ್ಚಲು. ಅದರಲ್ಲಿ ಹೊಸ ಸಂದು ಕೊರೆಯುವುದು ಬೇಡ.

ಎರಡೆರಡಾಗಿ ಭಾಗ ಮಾಡುವ ಅಳತೆ ನಮಗೆ ಹೊಸದೂ ಅಲ್ಲ. ಸೇರು, ಅರ್ಧ ಸೇರು, ಪಾವು, ಅರ್ಧ ಪಾವು, ಚಟಾಕು. ಸೇರಿನ ಹದಿನಾರನೇ ಒಂದು ಭಾಗ ಚಟಾಕು. ರೂಪಾಯಿಗೆ ಹದಿನಾರಾಣೆ, ಅರವತ್ತನಾಲ್ಕು ಪೈಸೆ. ಅರೆ, ಕಾಲು, ಅರೆಕಾಲು, ವೀಸ ಎಂದು ನಮ್ಮ ಅಜ್ಜಂದಿರು ಮಗ್ಗಿಯನ್ನೇ ಬಾಯಿಪಾಠ ಮಾಡಿದ್ದರು. ತಕ್ಕಡಿ ಇಲ್ಲದಿದ್ದರೂ ಕಣ್ಣಳತೆಯಲ್ಲಿ ಅರ್ಧ ಮಾಡಬಹುದು, ಅರ್ಧದಲ್ಲಿ ಮತ್ತೆ ಅರ್ಧ ಮಾಡಬಹುದು. ಅದು ಅದರ ಅನುಕೂಲ. ಆದರೆ ಊರಿಗೊಂದು ಸೇರು ಇತ್ತು. ಆ ಗೊಂದಲದಿಂದ ಹೊರಬರಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ ಆಯಿತು. ಎರಡು ಏಣಿಗಳ ನಡುವೆ ಸಿಕ್ಕ ಜನಕ್ಕೆ ಆಗ ಏನಾಯಿತು ನೋಡಿ. ನಾಲ್ಕಾಣೆ ಸರಿಯಾಗಿ 25 ನಯಾ ಪೈಸೆ. ಒಂದಾಣೆ ಮಾತ್ರ 6.25. ಆ ಕಾಲು ಪೈಸೆಗೆ ನಾಣ್ಯವಿಲ್ಲ. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಪಟ್ಟಿ ಮಾಡಿ ಹಂಚಬೇಕಾಯಿತು. ಹತ್ತರ ಲೆಕ್ಕಕ್ಕೂ ಎರಡರ ಲೆಕ್ಕಕ್ಕೂ ಒಂದೇ ಪಾತ್ರೆ ಹಿಡಿದರೆ ಒಂದಿಷ್ಟು ಚೆಲ್ಲಲೇಬೇಕು. ದಿನಸಿ ಅಂಗಡಿಯಲ್ಲಿ ಆ ಜಗಳ ಮುಗಿದಿದೆ. ಅಲ್ಲಿ ಕಿಲೋ ಗೆದ್ದಿದೆ, ಗೆದ್ದದ್ದು ಒಳ್ಳೆಯದೇ ಆಯಿತು.

ಹಾಗಾಗಿ ನಾನು ಕೇಳುವ ನಿಯಮ ಕ್ಷೇತ್ರವನ್ನು ನೋಡುವುದಿಲ್ಲ, ಸಂಖ್ಯೆ ಎಲ್ಲಿಂದ ಬಂತು ಎಂದು ನೋಡುತ್ತದೆ. ದುಪ್ಪಟ್ಟಾಗಿ ಅಥವಾ ಅರ್ಧವಾಗಿ ಬಂದ ಸಂಖ್ಯೆಯಾದರೆ ಕಿಬಿ, ಏಕಮಾನ ಯಾವುದೇ ಇರಲಿ. ಇಲ್ಲವಾದರೆ ಕಿಲೋ, ಅದು ಕಂಪ್ಯೂಟರಿನೊಳಗೇ ಇರಲಿ. ಮತ್ತು ಕೊಟ್ಟು ತೆಗೆದುಕೊಳ್ಳುವ ಸರಕಿನ ತೂಕ, ಉದ್ದ, ಗಾತ್ರಕ್ಕೆ ಕಿಲೋ ಬಿಟ್ಟು ಬೇರೆ ಇಲ್ಲ. ಒಂದು ಪುಟದಲ್ಲಿ ಬರೆದು ಮುಗಿಸಬಹುದಾದ ನಿಯಮ ಇದು.

ಇನ್ನೊಂದು ಕೆಲಸವಿದೆ, ಅದು ನಿಮ್ಮಿಂದ ಮಾತ್ರ ಆಗಬಲ್ಲದು. ಐಇಸಿಯಲ್ಲಿ ಭಾರತದ ಪರವಾಗಿ ಕೂರುವುದು ನಿಮ್ಮ ಬ್ಯೂರೋ. 1998ರ ಪಟ್ಟಿಯಲ್ಲಿ ಇರುವುದೆಲ್ಲ ದೊಡ್ಡ ಸಂಖ್ಯೆಗಳ ಹೆಸರು. ಚಿಕ್ಕವಕ್ಕೆ ಏನೂ ಇಲ್ಲ. ಕಿಲೋಗೆ ಎದುರಾಗಿ ಮಿಲಿ ಇದೆ, ಕಿಬಿಗೆ ಎದುರಾಗಿ ಯಾವುದೂ ಇಲ್ಲ. ಬೈಟಿನ ಮಟ್ಟಿಗೆ ಅದು ಕೊರತೆಯಲ್ಲ, ಬೈಟಿನ ಸಾವಿರದ ಒಂದು ಭಾಗ ಯಾರಿಗೂ ಬೇಕಿಲ್ಲ. ಬೈಟಿನಿಂದ ಆಚೆ ಬಂದರೆ ಕೊರತೆ ಎದ್ದು ಕಾಣುತ್ತದೆ. ವಿಕಿರಣ ವಸ್ತು ಅರ್ಧಕ್ಕಿಳಿಯಲು ಹಿಡಿಯುವ ಕಾಲ ಅದರ ಅರ್ಧಾಯುಷ್ಯ. ಅಂಥ ಹತ್ತು ಅರ್ಧಾಯುಷ್ಯ ಕಳೆದರೆ ಉಳಿಯುವುದು 1024ರಲ್ಲಿ ಒಂದು ಭಾಗ. ಅದನ್ನು ಪುಸ್ತಕಗಳು 'ಸುಮಾರು ಸಾವಿರದ ಒಂದು ಭಾಗ' ಎಂದು ಬರೆದು ಮುಂದೆ ಹೋಗುತ್ತವೆ. ನಾವು ದಿನಾ ಮುಟ್ಟುವ ಕಾಗದವನ್ನೇ ತೆಗೆದುಕೊಳ್ಳಿ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ಅರ್ಧ ಮಾಡಿದರೆ ಎ1, ಮತ್ತೆ ಅರ್ಧ ಎ2. ನಾಲ್ಕು ಸಲ ಅರ್ಧ ಮಾಡಿದ ಎ4 ಹದಿನಾರನೇ ಒಂದು ಭಾಗ, ಸರಿಯಾಗಿ ಒಂದು ವೀಸ. ಹಾಗಾಗಿಯೇ ಚದರ ಮೀಟರಿಗೆ 80 ಗ್ರಾಂ ತೂಗುವ, ಅಂದರೆ 80 ಜಿಎಸ್‌ಎಂ ಕಾಗದದ ಎ4 ಹಾಳೆ 5 ಗ್ರಾಂ ತೂಗುತ್ತದೆ. ಹತ್ತು ಸಲ ಅರ್ಧವಾದ ಎ10 ಚೀಟಿಯ ವಿಸ್ತೀರ್ಣ ಚದರ ಮೀಟರಿನ 1024ನೇ ಒಂದು ಭಾಗ. ಅದನ್ನು ಹೇಳಲು ಒಂದು ಪ್ರಿಫಿಕ್ಸ್ ಇಲ್ಲ. ಈ ಪ್ರಶ್ನೆಯನ್ನು ಭಾರತ ಎತ್ತಲಿ. ಅರೆಕಾಲಿನ ಮಗ್ಗಿ ಹೇಳಿಕೊಂಡು ಬಂದ ನಾಡಿನವರು ಎತ್ತಿದರೆ ಚೆನ್ನ.

ಕೊನೆಯದಾಗಿ ಪಠ್ಯದ ವಿಷಯ. 11ನೇ ತರಗತಿಯ ಭೌತಶಾಸ್ತ್ರದ ಮೊದಲ ಪಾಠಗಳಲ್ಲೇ ಏಕಮಾನಗಳು ಬರುತ್ತವೆ. ಕಿಲೋ, ಮೆಗಾ, ಮಿಲಿ, ಮೈಕ್ರೋ ಎಲ್ಲ ಬಾಯಿಪಾಠ ಮಾಡಿಸುತ್ತೇವೆ. ಕಿಬಿ ಕೇಳಿದರೆ ಅದು ಕಂಪ್ಯೂಟರ್ ಮೇಷ್ಟ್ರಿಗೆ ಸೇರಿದ್ದು ಎನ್ನುತ್ತೇವೆ. ಕಂಪ್ಯೂಟರ್ ತರಗತಿಯಲ್ಲಿ ಎಷ್ಟೋ ಸಲ ಕಿಲೋಬೈಟ್ ಎಂದರೆ 1024 ಎಂದೇ ಬರೆಸುತ್ತಾರೆ. ಒಂದೇ ಹುಡುಗಿ ಬೆಳಗ್ಗೆ ಕಿಲೋ ಎಂದರೆ 1000 ಎಂದು ಬರೆದು, ಮಧ್ಯಾಹ್ನ 1024 ಎಂದು ಬರೆದು, ಎರಡಕ್ಕೂ ಪೂರ್ತಿ ಅಂಕ ಪಡೆಯುತ್ತಾಳೆ. ಪದಕ್ಕೆ ಒಂದೇ ಅರ್ಥ ಇರಬೇಕು ಎನ್ನುವುದೇ ಅಳತೆಯ ಮೊದಲ ಪಾಠವಲ್ಲವೇ? ಅದನ್ನೇ ನಾವು ಕೆಡಿಸುತ್ತಿದ್ದೇವೆ. ಪ್ರಿಫಿಕ್ಸ್ ಪಟ್ಟಿಯ ಪಕ್ಕದಲ್ಲೇ ಎರಡನೇ ಪಟ್ಟಿ ಕೊಡಿ. ಕಿಲೋಗೆ ಸಣ್ಣ ಕೆ, ಕಿಬಿಗೆ ದೊಡ್ಡ ಕೆ ಮತ್ತು ಸಣ್ಣ ಐ ಎಂದು ಗುರುತು ತೋರಿಸಿ. ಬೈಟಿನ ಉದಾಹರಣೆ ಒಂದೇ ಕೊಟ್ಟು ಬಿಡಬೇಡಿ, ವಾಚಿನ ಹರಳು ಮತ್ತು ಶ್ರುತಿ ಕವೆಯನ್ನೂ ಕೊಡಿ. ಲ್ಯಾಬಿನಲ್ಲಿ ಎರಡೂ ಇವೆ, ಹೊಸದಾಗಿ ಖರೀದಿ ಮಾಡುವ ಖರ್ಚೂ ಇಲ್ಲ.

ನಿಮ್ಮ ಸಮಿತಿಗಳು ಈ ವಿಷಯ ಕೈಗೆತ್ತಿಕೊಂಡರೆ, ಪಿಯು ಲ್ಯಾಬಿನಲ್ಲಿ ಮಾಡಿಸಬಹುದಾದ ಪ್ರಯೋಗಗಳ ಕರಡನ್ನು ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧ. ನನ್ನಂತೆ ಇನ್ನೂ ಹಲವು ಮೇಷ್ಟ್ರುಗಳು, ಮೇಡಂಗಳು ಮುಂದೆ ಬರುತ್ತಾರೆ ಎಂಬ ನಂಬಿಕೆ ಇದೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಭೌತಶಾಸ್ತ್ರದ ಮೇಷ್ಟ್ರು